ಕಿವಿ ಕೇಳದ ಬೆಕ್ಕಿನ ಇತಿಹಾಸ

ನಮ್ಮ ಬೇಮಳಖೇಡದ ಕಡೆ ಬೆಕ್ಕು ಸಾಕೋದು ಮುದ್ದಿಗಿಂತ ಜಾಸ್ತಿ ಇಲಿ ಕಾಟಕ್ಕೆ. ತೊಗರಿ, ಜೋಳದ ಚೀಲ ಇದ್ದಲ್ಲಿ ಬೆಕ್ಕು ಬೇಕೇ ಬೇಕು. ಈ ಲೆಕ್ಕ ಭಾಳ ಹಳೇದು ದೋಸ್ತರೇ. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದೆ ಮನುಷ್ಯನ ಪಕ್ಕದಲ್ಲೇ ಹೂತಿಟ್ಟ ಬೆಕ್ಕಿನ ಎಲುಬು ಸಿಕ್ಕಿವೆ.

ಬೆಕ್ಕಿನ ಬೇಟೆ ಅರ್ಧ ಕಿವಿಯಲ್ಲೇ ಇದೆ. ನಮಗೆ ಸುಮಾರು 20,000 ಹರ್ಟ್ಸ್ ತನಕ ಕೇಳುತ್ತೆ, ಬೆಕ್ಕಿಗೆ ಹತ್ತಿರ ಹತ್ತಿರ 85,000. ವಯಸ್ಸಾದ ಮೇಲೆ ಅದು ಮಂದ ಆಗ್ತದೆ. ಇಲಿ ಹಿಡಿಯಲ್ಲ ಅಂದ ಕೂಡಲೇ ಕೆಲವರು ಚೀಲದಾಗ ಹಾಕಿ ಊರ ಹೊರಗೆ ಬಿಟ್ಟು ಬರ್ತಾರೆ. ಹಿಂದಿನಿಂದ ಬರೋ ಟ್ರ್ಯಾಕ್ಟರ್ ಸದ್ದು ಅದಕ್ಕೆ ಕೇಳಬೇಕಲ್ಲ?

ಡಾರ್ವಿನ್ 1859ರ ತನ್ನ ಪುಸ್ತಕದಲ್ಲಿ ನೀಲಿಗಣ್ಣಿನ ಬೆಕ್ಕುಗಳೆಲ್ಲ ಕಿವುಡೇ ಅಂತ ಬರೆದ. 1872ರ ಆವೃತ್ತಿಗೆ ಬರೋವಾಗ ಮಾತು ತಿದ್ದಿದ: ಪೂರ್ತಿ ಬಿಳಿ, ನೀಲಿಗಣ್ಣು ಎರಡೂ ಇದ್ರೆ ಸಾಮಾನ್ಯವಾಗಿ ಕಿವುಡು. ಇದು ಹುಟ್ಟಿನಿಂದ ಬರೋದು, ಮುಪ್ಪಿನದಲ್ಲ.

ನನಗೆ ಖರೆ ದೊಡ್ಡದು ಅನ್ನಿಸೋ ಕಥೆ ಅಮೆರಿಕದ ಪ್ರಿನ್ಸ್‌ಟನ್‌ದು. ವೀವರ್, ಬ್ರೇ ಅನ್ನೋ ಇಬ್ಬರು ಪ್ರಜ್ಞೆ ತಪ್ಪಿಸಿದ ಬೆಕ್ಕಿನ ಕಿವಿನರಕ್ಕೆ ತಂತಿ ಜೋಡಿಸಿ, ಅದನ್ನ ದೂರದ ಕೋಣೆಯ ಟೆಲಿಫೋನ್‌ಗೆ ಹಾಕಿದರು. ಒಬ್ಬ ಬೆಕ್ಕಿನ ಕಿವಿಯಲ್ಲಿ ಮಾತಾಡಿದ, ಇನ್ನೊಬ್ಬನಿಗೆ ಆ ಕೋಣೆಯಲ್ಲಿ ಮಾತು ಸ್ಪಷ್ಟ ಕೇಳಿಸ್ತು! 1930ರಲ್ಲಿ ಪ್ರಕಟಿಸಿದರು. ಅದೆಲ್ಲ ನರದ ಸಂಕೇತ ಅಂದುಕೊಂಡಿದ್ದರು. ಹೆಚ್ಚಿನ ಪಾಲು ಒಳಗಿವಿಯೇ ಹುಟ್ಟಿಸೋ ವಿದ್ಯುತ್ತು ಅಂತ ಆಮೇಲೆ ತಿಳೀತು. ಉಲ್ಟಾ ದಾರಿ, ಅಂದ್ರೆ ವಿದ್ಯುತ್ತಿನಿಂದ ಕಿವಿನರ ಎಬ್ಬಿಸೋದನ್ನ 1957ರಲ್ಲಿ ಪ್ಯಾರಿಸ್‌ನಲ್ಲಿ ಮನುಷ್ಯನ ಮೇಲೆ ಮಾಡಿ ನೋಡಿದರು. ಕಾಕ್ಲಿಯರ್ ಇಂಪ್ಲಾಂಟ್ ಬಂದಿದ್ದು ಆ ಹಾದಿಯಲ್ಲಿ. ನಡುವೆ ಪ್ರಯೋಗಕ್ಕೆ ಜೀವ ಕೊಟ್ಟ ಬೆಕ್ಕುಗಳು ಲೆಕ್ಕಕ್ಕಿಲ್ಲ. ಮನುಷ್ಯರ ಕಿವಿಗೆ ಮೈಸೂರಲ್ಲಿ 1965ರಿಂದ ದೊಡ್ಡ ಸಂಸ್ಥೆನೇ ಇದೆ. ಬೆಕ್ಕಿಗೆ? ಚೀಲ!

ಮನ್ಯಾಗ ಮುದಿ ಬೆಕ್ಕಿದ್ರೆ ಅದು ಮಲಗಿದಾಗ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡ್ರಿ, ಕಿವಿ ಅಲ್ಲಾಡುತ್ತಾ? ರಾತ್ರಿ ಜೋರಾಗಿ ಕೂಗಿದ್ರೆ ಬೈಬ್ಯಾಡ್ರಿ, ತನ್ನ ದನಿ ತನಗೇ ಕೇಳ್ತಿಲ್ಲ ಅಂತಾನೂ ಇರಬಹುದು. ಹಿಂದಿನಿಂದ ಹಿಡಿಬಾರದು, ಬೆಚ್ಚಿ ಪರಚುತ್ತೆ. ನೆಲಕ್ಕೆ ಮೆಲ್ಲಗೆ ಕಾಲು ತಟ್ಟಿದ್ರೆ ಅದುರು ಗೊತ್ತಾಗುತ್ತೆ. ಊಟಕ್ಕೆ ಕರೆಯೋಕೆ ಲೈಟ್ ಹಾಕಿ ಆರಿಸ್ರಿ, ನಾಲ್ಕು ದಿನದಾಗ ಕಲೀತದೆ. ಕತ್ತಲಾದ ಮೇಲೆ ಹೊರಗೆ ಬಿಡಬ್ಯಾಡ್ರಿ. ಮತ್ತೆ ಎಲ್ಲಾ ಕಿವುಡೂ ಮುಪ್ಪಿಂದಲ್ಲ, ಕಿವಿಯೊಳಗೆ ನುಸಿ, ಸೋಂಕು, ಗುಗ್ಗೆ ಇದ್ರೂ ಕೇಳಲ್ಲ, ಅದಕ್ಕೆ ಔಷಧ ಇದೆ. ನಮ್ಮ ಬೀದರ್‌ನಲ್ಲೇ ಪಶುವೈದ್ಯಕೀಯ ಕಾಲೇಜು ಇದೆಯಲ್ಲ, ಒಮ್ಮೆ ತೋರಿಸ್ಕೊಂಡು ಬರ್ರಿ.

#ಬೇಮಳಖೇಡ #ಬೆಕ್ಕಿನಕಥೆ