ಹಳೆಯ ಫೋಟೋದಲ್ಲಿರುವ ಕಾರು ಯಾವುದು?

ನಮ್ಮ ಕೂಟದ ಬಹುಪಾಲು ಮನೆಗಳಲ್ಲಿ ಊರಿನಿಂದ ತಂದ ಒಂದು ಹಳೆಯ ಆಲ್ಬಂ ಇರುತ್ತದೆ. ಕಪ್ಪು ಹಾಳೆ, ಚಿತ್ರದ ನಾಲ್ಕು ಮೂಲೆಗೂ ಅಂಟಿಸಿದ ತ್ರಿಕೋನದ ಕಾಗದ, ಹಾಳೆಗಳ ನಡುವೆ ಬೆಣ್ಣೆ ಕಾಗದ. ಅದರಲ್ಲಿ ಹಿರಿಯರು ಯಾವುದೋ ಕಾರಿನ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಒಂದು ಚಿತ್ರವಾದರೂ ಸಿಗುತ್ತದೆ. ಕಾರು ಹೆಚ್ಚಾಗಿ ಅವರದಾಗಿರುವುದಿಲ್ಲ. ಊರಿನ ಸಾಹುಕಾರರದೋ, ಮದುವೆಗೆ ಬಂದ ನೆಂಟರದೋ, ಬಾಡಿಗೆಯದೋ ಆಗಿರುತ್ತದೆ. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ತಾರೀಖೂ ಇಲ್ಲ, ಹೆಸರೂ ಇಲ್ಲ.

ಚಿತ್ರದಲ್ಲಿರುವ ಮನುಷ್ಯರನ್ನು ನೋಡಿ ವರ್ಷ ಹೇಳುವುದು ಕಷ್ಟ. ನಮ್ಮ ತಾತಂದಿರು 1930ರಲ್ಲಿ ಉಟ್ಟ ಪಂಚೆ, ತೊಟ್ಟ ಕರಿ ಕೋಟು 1960ರಲ್ಲೂ ಹಾಗೆಯೇ ಇತ್ತು. ಆದರೆ ಕಾರಿನ ವಿಷಯ ಹಾಗಲ್ಲ. ಕಂಪೆನಿಯವರು ಕೆಲವೇ ವರ್ಷಕ್ಕೊಮ್ಮೆ ಅದರ ಮುಖ ಬದಲಿಸುತ್ತಿದ್ದರು. ಆದ್ದರಿಂದ ಮನೆಯವರು ಮರೆತ ವರ್ಷವನ್ನು ಕಾರು ನೆನಪಿಸಬಲ್ಲದು. ಇದು ಬರಿಯ ಕುತೂಹಲವಲ್ಲ ಎಂಬುದು ನಮ್ಮ ತಾಯಿಯ ತವರಿನ ಒಂದು ಚಿತ್ರದಿಂದ ನನಗೆ ಮನವರಿಕೆಯಾಯಿತು.

ಚಿತ್ರ ತೆಗೆದದ್ದು ತಿಪಟೂರಿನಲ್ಲಿ. ಕೊಬ್ಬರಿ ಮಂಡಿಯ ಹತ್ತಿರ, ಒಂದು ಹೋಟೆಲಿನ ಮುಂದೆ ಕಾರು ನಿಂತಿದೆ. ಪಕ್ಕದಲ್ಲಿ ತಾತ, ಅಜ್ಜಿ, ಅಜ್ಜಿಯ ಕಂಕುಳಲ್ಲಿ ಸುಮಾರು ಒಂದು ವರ್ಷದ ಗಂಡು ಮಗು. ಆ ಮಗು ಯಾರು ಎಂಬುದೇ ಮನೆಯಲ್ಲಿದ್ದ ಜಗಳ. "ಅದು ನಾನೇ" ಎಂದು ನನ್ನ ಮಾವ ಹೇಳುತ್ತಿದ್ದರು. ಅವರು ಹುಟ್ಟಿದ್ದು 1959ರಲ್ಲಿ. ನನ್ನ ತಾಯಿಯವರು ಒಪ್ಪುತ್ತಿರಲಿಲ್ಲ. ಮಾವನಿಗಿಂತ ಮೊದಲು, 1955ರಲ್ಲಿ, ಒಂದು ಗಂಡು ಮಗು ಹುಟ್ಟಿ, ಹದಿನೈದು ತಿಂಗಳಾಗಿದ್ದಾಗ ನಾಯಿಕೆಮ್ಮಿನಿಂದ ತೀರಿಕೊಂಡಿತ್ತು. "ಇದು ಆ ಮಗು. ಅವನ ಮುಖ ನನಗೆ ಮರೆತುಹೋಗುತ್ತದೆಯೇ?" ಎನ್ನುವರು. ಆಗ ಅವರಿಗೆ ಹತ್ತು ವರ್ಷ. ಆ ಮಗುವಿನದು ಬೇರೆ ಚಿತ್ರವೇ ಇಲ್ಲ.

ಮಾವನ ವಾದಕ್ಕೆ ಬಲವಾಗಿದ್ದದ್ದು ಕಾರು. "ನೋಡಕ್ಕಾ, ಇದು ಅಂಬಾಸಿಡರ್. ಅಂಬಾಸಿಡರ್ ಬಂದದ್ದೇ 1957ರಲ್ಲಿ. ಅದಕ್ಕೆ ಮೊದಲೇ ಹೋದ ಮಗು ಇದರ ಪಕ್ಕ ಹೇಗೆ ಬರುತ್ತೆ?" ಎಂದರೆ ಅಮ್ಮ ಉತ್ತರವಿಲ್ಲದೆ ಸುಮ್ಮನಾಗುತ್ತಿದ್ದರು. ಹೀಗಾಗಿ ಮಗುವನ್ನು ಗುರುತಿಸುವ ಮೊದಲು ಕಾರನ್ನು ಗುರುತಿಸಬೇಕಾಯಿತು.

ಈ ಕೆಲಸ ನಾವು ವೈದ್ಯರು ಮಾಡುವ ರೋಗನಿದಾನದಂತೆಯೇ. ಕಣ್ಣಿಗೆ ಕಾಣುವ ಲಕ್ಷಣಗಳನ್ನು ಬರೆದುಕೊಳ್ಳಬೇಕು, ಯಾವ ಯಾವ ಕಾರು ಇರಬಹುದೆಂದು ಪಟ್ಟಿ ಮಾಡಬೇಕು, ಒಂದೊಂದನ್ನಾಗಿ ತಳ್ಳಿಹಾಕುತ್ತಾ ಬರಬೇಕು. ಮೊದಲು ನೋಡಬೇಕಾದ್ದು ಚಕ್ರ. ಎತ್ತಿನ ಗಾಡಿಯಂತೆ ಮರದ ಅರೆಗಳಿದ್ದರೆ ಬಹುಮಟ್ಟಿಗೆ 1920ರ ದಶಕ ಅಥವಾ ಅದಕ್ಕೂ ಹಿಂದಿನದು. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿ ಇದಕ್ಕೆ ಒಳ್ಳೆಯ ಉದಾಹರಣೆ. ಎರಡನೆಯದು ಹೆಡ್‌ಲೈಟು. ಅದು ಬೇರೆಯಾಗಿ, ಕಂಬದ ಮೇಲೆ ಕೂರಿಸಿದ ಲಾಟೀನಿನಂತೆ ನಿಂತಿದ್ದರೆ ಸಾಮಾನ್ಯವಾಗಿ 1930ರ ದಶಕದ ಕೊನೆಗಿಂತ ಹಿಂದಿನ ವಿನ್ಯಾಸ. ಆಮೇಲಿನ ಕಾರುಗಳಲ್ಲಿ ಹೆಡ್‌ಲೈಟು ಮಡ್‌ಗಾರ್ಡಿನೊಳಗೇ ಸೇರಿಕೊಂಡಿತು. ಮೂರನೆಯದು ಬಾಗಿಲ ಕೆಳಗಿನ ಫುಟ್‌ಬೋರ್ಡು. 1940ರ ದಶಕದ ಕೊನೆಯ ಹೊಸ ಕಾರುಗಳಲ್ಲಿ ಅದು ಮಾಯವಾಗುತ್ತಾ ಬಂತು. ನಾಲ್ಕನೆಯದು ಮುಂದಿನ ಗಾಜು. ಮಧ್ಯದಲ್ಲಿ ಪಟ್ಟಿ ಇಟ್ಟು ಎರಡು ತುಂಡು ಜೋಡಿಸಿದ್ದಾರೋ, ಒಂದೇ ಬಾಗಿದ ಗಾಜೋ ನೋಡಬೇಕು. ಒಂದೇ ಗಾಜು ರೂಢಿಗೆ ಬಂದದ್ದು 1950ರ ದಶಕದಲ್ಲಿ.

ಐದನೆಯದು ನಂಬರ್ ಪ್ಲೇಟು. 1956ರ ನವೆಂಬರ್ 1ರವರೆಗೆ ಧಾರವಾಡ ಮುಂಬಯಿ ರಾಜ್ಯಕ್ಕೂ, ಮಂಗಳೂರು ಮದ್ರಾಸು ರಾಜ್ಯಕ್ಕೂ, ಕಲಬುರ್ಗಿ ಹೈದರಾಬಾದಿಗೂ ಸೇರಿದ್ದವು. ಆಯಾ ರಾಜ್ಯದ ಅಕ್ಷರಗಳೇ ಅಲ್ಲಿನ ಗಾಡಿಗಳ ಮೇಲೆ ಇರುತ್ತಿದ್ದವು. ನಮ್ಮ ಚಿತ್ರದಲ್ಲಿ ಮಾತ್ರ ತಾತನವರ ಪಂಚೆ ಸರಿಯಾಗಿ ನಂಬರ್ ಪ್ಲೇಟಿಗೇ ಅಡ್ಡವಾಗಿದೆ!

ಇಲ್ಲಿ ಸ್ವಲ್ಪ ಇತಿಹಾಸ ಬೇಕು. ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ದೇಶದಲ್ಲಿ ಕಾರು ತಯಾರಾಗುತ್ತಿರಲಿಲ್ಲ. ಪೂರ್ತಿ ಕಾರು ಹಡಗಿನಲ್ಲಿ ಬರುತ್ತಿತ್ತು, ಇಲ್ಲವೇ ಬಿಡಿ ಭಾಗಗಳು ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯಲ್ಲಿ ಷೆವ್ರೋಲೆ ಜೋಡಿಸಲು ಆರಂಭಿಸಿತು. ನಮ್ಮ ಮೈಸೂರು ಸೀಮೆಯಲ್ಲೇ ಕಾರಿನ ಕಾರ್ಖಾನೆ ಆಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ಬಹಳ ಶ್ರಮಿಸಿದರು. 1935ರಲ್ಲಿ ಯೂರೋಪು, ಅಮೆರಿಕಗಳಿಗೆ ಹೋಗಿ ಕಾರ್ಖಾನೆಗಳನ್ನು ಕಂಡು ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಜೊತೆಗೂಡಿದರು, ದಿವಾನ್ ಮಿರ್ಜಾ ಇಸ್ಮಾಯಿಲರು ಬೆಂಬಲಕ್ಕೆ ನಿಂತರು. ಆದರೆ ದೆಹಲಿಯ ಬ್ರಿಟಿಷ್ ಸರ್ಕಾರ ಒತ್ತಾಸೆ ಕೊಡಲಿಲ್ಲ. 1940ರಲ್ಲಿ ಬೆಂಗಳೂರಿಗೆ ವಾಲ್‌ಚಂದರ ವಿಮಾನ ಕಾರ್ಖಾನೆ ಬಂತು, ಕಾರಿನ ಕಾರ್ಖಾನೆ ಬರಲಿಲ್ಲ. ಅವರ ಪ್ರೀಮಿಯರ್ ಕಂಪೆನಿ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು.

ಸ್ವಾತಂತ್ರ್ಯ ಬಂದ ಮೇಲೆ, 1953ರಲ್ಲಿ, ಬರಿಯ ಜೋಡಣೆ ಸಾಲದು, ಇಲ್ಲಿಯೇ ಭಾಗಗಳನ್ನು ತಯಾರಿಸುವವರಿಗೆ ಮಾತ್ರ ಅವಕಾಶ ಎಂದು ಭಾರತ ಸರ್ಕಾರ ನಿರ್ಧರಿಸಿತು. ಜನರಲ್ ಮೋಟರ್ಸ್, ಫೋರ್ಡ್ ಕಂಪೆನಿಗಳು ಬಾಗಿಲು ಹಾಕಿಕೊಂಡು ಹೊರಟವು. ಆದ್ದರಿಂದ ನಂತರದ ಚಿತ್ರಗಳಲ್ಲಿ ಸಿಗುವ ಹೊಸ ಕಾರುಗಳ ಪಟ್ಟಿ ಬಹಳ ಚಿಕ್ಕದು. ಹೆಚ್ಚಾಗಿ ಹಿಂದೂಸ್ಥಾನ್, ಫಿಯಟ್, ಸ್ಟಾಂಡರ್ಡ್, ಇವೇ ಮೂರು ಮನೆತನ.

ನಮ್ಮ ಚಿತ್ರದ ಕಾರು ಮೊದಲನೆಯ ಮನೆತನದ್ದು ಎಂಬುದರಲ್ಲಿ ಅನುಮಾನವಿರಲಿಲ್ಲ. ಬಿರ್ಲಾ ಅವರ ಹಿಂದೂಸ್ಥಾನ್ ಮೋಟರ್ಸ್ 1942ರಲ್ಲಿ ಗುಜರಾತಿನ ಓಖಾ ಬಂದರಿನಲ್ಲಿ ಆರಂಭವಾಗಿ, 1948ರಲ್ಲಿ ಕಲ್ಕತ್ತೆಯ ಹತ್ತಿರದ ಉತ್ತರಪಾರಾಕ್ಕೆ ಹೋಯಿತು. ಇಂಗ್ಲೆಂಡಿನ ಮಾರಿಸ್ ಕಂಪೆನಿಯ ಕಾರುಗಳನ್ನೇ ಹೆಸರು ಬದಲಿಸಿ ತಯಾರಿಸುವುದು ಇವರ ಪದ್ಧತಿ. ಮಾರಿಸ್ ಟೆನ್ ಇಲ್ಲಿ ಹಿಂದೂಸ್ಥಾನ್ ಟೆನ್ ಆಯಿತು. ಮೊದಲ ಮಾರಿಸ್ ಆಕ್ಸ್‌ಫರ್ಡ್ ಇಲ್ಲಿ ಹಿಂದೂಸ್ಥಾನ್ ಫೋರ್ಟೀನ್. ಅದರ ಎರಡನೆಯ ಸೀರೀಸ್ 1954ರಲ್ಲಿ ಲ್ಯಾಂಡ್‌ಮಾಸ್ಟರ್ ಎಂಬ ಹೆಸರಿನಲ್ಲಿ ಬಂತು. ಮೂರನೆಯ ಸೀರೀಸೇ ನಮಗೆಲ್ಲ ಗೊತ್ತಿರುವ ಅಂಬಾಸಿಡರ್. ಅದು ಸಣ್ಣಪುಟ್ಟ ಬದಲಾವಣೆಗಳೊಂದಿಗೆ 2014ರವರೆಗೂ ತಯಾರಾಯಿತು.

ಲ್ಯಾಂಡ್‌ಮಾಸ್ಟರಿಗೂ ಅಂಬಾಸಿಡರಿಗೂ ಒಡಹುಟ್ಟಿದವರ ಹೋಲಿಕೆ. ಅದೇ ಗುಂಡು ಬೆನ್ನು, ಅದೇ ಬಾಗಿಲು. ಆದರೆ ಮೂರು ಕಡೆ ವ್ಯತ್ಯಾಸವಿದೆ. ಅಂಬಾಸಿಡರಿನ ಹೆಡ್‌ಲೈಟಿನ ಮೇಲೆ ಹುಬ್ಬಿನಂತೆ ಮುಂದಕ್ಕೆ ಚಾಚಿದ ಅಂಚು ಇದೆ, ಲ್ಯಾಂಡ್‌ಮಾಸ್ಟರಿಗೆ ಆ ಹುಬ್ಬಿಲ್ಲ. ಅಂಬಾಸಿಡರಿನ ಬಾನೆಟ್ಟಿನ ಮೇಲೆ ಅಚ್ಚೊತ್ತಿದ ತಗ್ಗುಗಳಿವೆ, ಲ್ಯಾಂಡ್‌ಮಾಸ್ಟರಿನದು ನುಣುಪು. ಅಂಬಾಸಿಡರಿನ ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಮೀನಿನ ರೆಕ್ಕೆಯಂತೆ ಚಿಕ್ಕ ಏಣು ಎದ್ದಿದೆ, ಲ್ಯಾಂಡ್‌ಮಾಸ್ಟರಿನದು ಉರುಟಾಗಿ ಇಳಿದುಬಿಡುತ್ತದೆ.

ಚಿತ್ರವನ್ನು ಸ್ಕ್ಯಾನ್ ಮಾಡಿಸಿ ದೊಡ್ಡದಾಗಿ ನೋಡಿದೆ. ಹೆಡ್‌ಲೈಟಿಗೆ ಹುಬ್ಬಿಲ್ಲ. ಬಾನೆಟ್ ನುಣುಪಾಗಿದೆ. ಕಾರಿನ ಹಿಂಭಾಗ ಚಿತ್ರದಲ್ಲಿಲ್ಲ, ಆದರೆ ಮುಂದಿನ ಎರಡು ಗುರುತೇ ಸಾಕು. ಮುಂದಿನ ಗಾಜು ಒಂದೇ ತುಂಡಾದ್ದರಿಂದ ಹಿಂದೂಸ್ಥಾನ್ ಫೋರ್ಟೀನ್ ಕೂಡ ಅಲ್ಲ. ಅದು ಲ್ಯಾಂಡ್‌ಮಾಸ್ಟರ್. ಮಾವನ ವಾದದ ಆಧಾರವೇ ಕುಸಿಯಿತು.

ಹಾಗೆಂದು ಅಮ್ಮನ ಮಾತೇ ನಿಜವೆಂದು ಆಗಲಿಲ್ಲ. ಕಾರು ಹೇಳುವುದು "ಇದಕ್ಕಿಂತ ಮೊದಲಲ್ಲ" ಎಂಬ ಒಂದೇ ಮಾತನ್ನು. ನಮ್ಮ ಊರುಗಳಲ್ಲಿ ಒಂದು ಕಾರು ಇಪ್ಪತ್ತು, ಮೂವತ್ತು ವರ್ಷ ಓಡುತ್ತಿತ್ತು. 1954ರ ಕಾರಿನ ಪಕ್ಕ 1960ರಲ್ಲಿ ಮಾವನನ್ನು ಎತ್ತಿಕೊಂಡು ನಿಲ್ಲಲು ಅಜ್ಜಿಗೆ ಅಡ್ಡಿಯೇನಿತ್ತು? "ಇದಕ್ಕಿಂತ ಆಮೇಲಲ್ಲ" ಎನ್ನುವ ಸಾಕ್ಷಿ ಕಾರಿನ ಹೊರಗೆ ಎಲ್ಲಾದರೂ ಸಿಗಬೇಕಿತ್ತು.

ಅದು ಸಿಕ್ಕಿದ್ದು ಹೋಟೆಲಿನ ಬಾಗಿಲ ಪಕ್ಕ ತೂಗುಹಾಕಿದ್ದ ಕರಿ ಹಲಗೆಯಲ್ಲಿ. ಸೀಮೆಸುಣ್ಣದಲ್ಲಿ ಆ ದಿನದ ತಿಂಡಿಗಳ ಹೆಸರು, ಎದುರಿಗೆ ಬೆಲೆ. ಇಡ್ಲಿ, ವಡೆ, ಕಾಫಿ, ಎಲ್ಲದರ ಮುಂದೆಯೂ "ಆಣೆ" ಎಂದಿದೆ. ರೂಪಾಯಿಗೆ 16 ಆಣೆಯ ಲೆಕ್ಕ ಹೋಗಿ 100 ನಯಾ ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್ 1ರಂದು. ಹಳೆಯ ನಾಣ್ಯ ಕೆಲವು ವರ್ಷ ಚಲಾವಣೆಯಲ್ಲಿತ್ತು, ಬಾಯಿಮಾತಿನಲ್ಲಿ "ನಾಲ್ಕಾಣೆ, ಎಂಟಾಣೆ" ಇನ್ನೂ ಬಹಳ ಕಾಲ ಉಳಿಯಿತು. ಗೋಡೆಯ ಮೇಲೆ ಬಣ್ಣದಲ್ಲಿ ಬರೆದದ್ದಾಗಿದ್ದರೆ ಅಳಿಸದೆ ಬಿಟ್ಟಿದ್ದರೆಂದು ಸಂದೇಹಪಡಬಹುದಿತ್ತು. ಆದರೆ ದಿನವೂ ಒರೆಸಿ ಬರೆಯುವ ಹಲಗೆಯಲ್ಲಿ 1960ರಲ್ಲೂ ಬರಿಯ ಆಣೆಯ ಲೆಕ್ಕವನ್ನೇ ಬರೆಯುತ್ತಿದ್ದರೆಂದು ನಂಬುವುದು ಕಷ್ಟ. ಲ್ಯಾಂಡ್‌ಮಾಸ್ಟರ್ ಒಂದು ಕಡೆಯಿಂದ, ಕರಿ ಹಲಗೆ ಇನ್ನೊಂದು ಕಡೆಯಿಂದ ಹಿಡಿದಾಗ ಚಿತ್ರ 1954 ಮತ್ತು 1957ರ ನಡುವೆ ನಿಲ್ಲುತ್ತದೆ. ಆ ಅವಧಿಯಲ್ಲಿ ಒಂದು ವರ್ಷದ ಗಂಡು ಮಗು ಆ ಮನೆಯಲ್ಲಿ ಒಂದೇ ಇತ್ತು. ರೋಗನಿದಾನದಲ್ಲಿ ನೂರಕ್ಕೆ ನೂರು ಎಂಬುದು ಅಪರೂಪ. ಆದರೆ ಇಷ್ಟು ಸಾಕ್ಷಿ ಇದ್ದರೆ ನಾವು ಚಿಕಿತ್ಸೆ ಆರಂಭಿಸುತ್ತೇವೆ.

ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದರದೊಂದು ಪ್ರತಿ ದೊಡ್ಡದು ಮಾಡಿಸಿ ಕಳಿಸಪ್ಪ" ಎಂದರು. ಮಾವನೂ ಹಠ ಮಾಡಲಿಲ್ಲ. "ನನಗೇನು, ಬೇಕಾದಷ್ಟು ಫೋಟೋ ಇದೆ. ಅಣ್ಣನಿಗೆ ಇದೊಂದಾದರೂ ಇರಲಿ" ಎಂದುಬಿಟ್ಟರು.

ಓದುಗರಲ್ಲಿ ನನ್ನದೊಂದು ಮನವಿ. ಮುಂದಿನ ಸಲ ಊರಿಗೆ ಹೋದಾಗ ಆಲ್ಬಂ ತೆಗೆದು ಹಿರಿಯರ ಪಕ್ಕ ಕೂತುಕೊಳ್ಳಿ. ಯಾರು, ಎಲ್ಲಿ, ಯಾವ ವರ್ಷ ಎಂದು ಕೇಳಿ ಚಿತ್ರದ ಹಿಂದೆ ಮೆತ್ತಗೆ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮುಂಬದಿಗೆ ಇಳಿಯುತ್ತದೆ. ಸ್ಕ್ಯಾನ್ ಮಾಡುವಾಗ ಮುಖಗಳನ್ನು ಮಾತ್ರ ಉಳಿಸಿ ಅಂಚು ಕತ್ತರಿಸಬೇಡಿ. ಕಾರು, ಬೋರ್ಡು, ಗೋಡೆಯ ಕ್ಯಾಲೆಂಡರು ಎಲ್ಲವೂ ಇರಲಿ. ಹೇಳುವ ಹಿರಿಯರು ಇಲ್ಲದ ಮನೆಯವರು ಕಾರಿರುವ ಚಿತ್ರವನ್ನು ಯುಗಾದಿ ಕಾರ್ಯಕ್ರಮಕ್ಕೆ ತನ್ನಿ. ಊಟದ ನಂತರ ಎಲ್ಲರೂ ಸೇರಿ ಹೆಡ್‌ಲೈಟು, ಬಾನೆಟ್ಟು ನೋಡೋಣ.