ದೆವ್ವದ ಉಗುರಿನ ಗುರುತು

ರೋಟರಿ ಇಂಜಿನ್‌ನಲ್ಲಿ ಪಿಸ್ಟನ್ನೇ ಇಲ್ಲ, ಗೊತ್ತಾ? ಮೂರು ಮೂಲೆಯ ರೋಟರ್ ತಿರುಗುತ್ತೆ. ಪ್ರತಿ ಮೂಲೆಗೂ ಒಂದು ಸಣ್ಣ ಪಟ್ಟಿ, ಅದೇ ಅಪೆಕ್ಸ್ ಸೀಲ್. ಒಳಗೋಡೆಗೆ ಉಜ್ಜಿ ಉಜ್ಜಿ ಅದು ಸವೆದರೆ ಕಂಪ್ರೆಷನ್ ಸೋರುತ್ತೆ. ಬಿಸಿ ಇಂಜಿನ್ ಮತ್ತೆ ಸ್ಟಾರ್ಟೇ ಆಗಲ್ಲ.

1967ರಲ್ಲಿ ಜರ್ಮನಿಯ ಎನ್‌ಎಸ್‌ಯು ಕಂಪನಿ ಆರ್‌ಒ 80 ಕಾರು ತಂತು. ಸೀಲ್ ಬೇಗ ಸವೆದು ವಾರಂಟಿ ಖರ್ಚು ಏರಿತು (ಬಿಕಾಂನವರೇ, ಗಮನಿಸಿ!). 1969ರಲ್ಲಿ ಕಂಪನಿ ಫೋಕ್ಸ್‌ವ್ಯಾಗನ್ ಪಾಲಾಯ್ತು.

ಜಪಾನಿನ ಮಾಜ್ದಾಗೂ ಅದೇ ಕಾಟ. ಗೋಡೆ ಮೇಲೆ ಬೀಳ್ತಿದ್ದ ಗೀರುಗಳಿಗೆ ಅವರಿಟ್ಟ ಹೆಸರೇ 'ದೆವ್ವದ ಉಗುರಿನ ಗುರುತು'. ಕೆನಿಚಿ ಯಾಮಾಮೊಟೊ ತಂಡ ಪಟ್ಟು ಬಿಡದೆ ಕಾರ್ಬನ್‌ಗೆ ಅಲ್ಯೂಮಿನಿಯಂ ಸೇರಿಸಿ ಹೊಸ ಸೀಲ್ ಮಾಡಿತು. 1967ರ ಕಾಸ್ಮೊ ಸ್ಪೋರ್ಟ್ ಓಡಿದ್ದು ಅದರಿಂದಲೇ.

ಸವೆತ ಮಾತ್ರ ಪೂರ್ತಿ ನಿಂತಿಲ್ಲ. ತುಂಬಾ ಓಡಿದ ಆರ್‌ಎಕ್ಸ್-7 ಇಂಜಿನ್ ಬಿಚ್ಚಿ ಸೀಲ್ ಬದಲಾಯಿಸಬಹುದು. ಆದ್ರೆ ಹೌಸಿಂಗ್‌ಗೇ ಆಳವಾದ ಗೀರು ಬಿದ್ದಿದ್ರೆ ಅದನ್ನೂ ಬದಲಾಯಿಸ್ಬೇಕು, ಜೇಬಿಗೆ ಕತ್ತರಿ.