ತಡವಾಗುವುದು ಕೊಬ್ಬೋ, ನಿಧಾನಿಸುವುದು ಸ್ನಾಯುವೋ? ಮಾಂಸದ ತಳಿಯ ದನಗಳಲ್ಲಿ ಸ್ನಾಯುವಿನೊಳಗಿನ ಕೊಬ್ಬಿನ ಬೆಳವಣಿಗೆ

ಮಾಂಸಕ್ಕಾಗಿ ಸಾಕುವ ದನದ ಮೈಯಲ್ಲಿ ಕೊಬ್ಬು ಮುಖ್ಯವಾಗಿ ನಾಲ್ಕು ನೆಲೆಗಳಲ್ಲಿ ಕೂಡುತ್ತದೆ: ಮೂತ್ರಪಿಂಡ ಮತ್ತು ಕರುಳಿನ ಸುತ್ತ, ಸ್ನಾಯು ಸ್ನಾಯುಗಳ ನಡುವಿನ ಸಂದಿನಲ್ಲಿ, ಚರ್ಮದ ಅಡಿಯಲ್ಲಿ, ಕೊನೆಯದಾಗಿ ಸ್ನಾಯುವಿನ ಒಳಗೆ, ಎಳೆಗಳ ಕಟ್ಟುಗಳ ಮಧ್ಯೆ. ಈ ನಾಲ್ಕನೆಯದು ಕೊಯ್ದ ಮಾಂಸದ ಮೇಲೆ ಅಮೃತಶಿಲೆಯ ಗೆರೆಗಳಂತೆ ಕಾಣುವುದರಿಂದ ವ್ಯಾಪಾರದಲ್ಲಿ ಅದಕ್ಕೆ ಮಾರ್ಬ್ಲಿಂಗ್ ಎಂದು ಹೆಸರು. ಜಪಾನಿನಲ್ಲಿ ಅದನ್ನು 1ರಿಂದ 12ರವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ; ಅಮೆರಿಕದ ಪ್ರೈಮ್, ಚಾಯ್ಸ್, ಸೆಲೆಕ್ಟ್ ದರ್ಜೆಗಳು ಬಹುಮಟ್ಟಿಗೆ ಅದನ್ನೇ ಆಧರಿಸಿವೆ. ಉಳಿದ ಮೂರು ನೆಲೆಗಳ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಕತ್ತಿಯ ಪಾಲಾಗುತ್ತದೆ. ಬೆಲೆ ತರುವ ಕೊಬ್ಬು ಯಾವಾಗ ಬೆಳೆಯುತ್ತದೆ ಎಂಬ ಪ್ರಶ್ನೆಗೆ ಮಹತ್ವ ಬಂದಿರುವುದು ಇದರಿಂದಲೇ.

ಕೊಬ್ಬಿನ ಕೋಶ ಹುಟ್ಟುವ ಬಗೆಯ ಬಗ್ಗೆ ಈಗ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಭ್ರೂಣದ ಮಧ್ಯಪದರದಿಂದ ಬರುವ ಮೂಲಕೋಶಗಳಲ್ಲಿ ಕೆಲವು ಸ್ನಾಯುವಿನ ಎಳೆಗಳಾಗುತ್ತವೆ. ಇನ್ನು ಕೆಲವು ಕೊಬ್ಬಿನ ಕೋಶಗಳೂ ಸಂಯೋಜಕ ಅಂಗಾಂಶವೂ ಆಗಬಲ್ಲ ಪೂರ್ವಕೋಶಗಳಾಗಿ ಉಳಿಯುತ್ತವೆ. ಪಿಪಿಎಆರ್-ಗಾಮಾ ಎಂಬ ನಿಯಂತ್ರಕ ಪ್ರೋಟೀನು ಚುರುಕುಗೊಂಡಾಗ ಪೂರ್ವಕೋಶ ಕೊಬ್ಬನ್ನು ತುಂಬಿಕೊಳ್ಳಲು ಅಣಿಯಾಗುತ್ತದೆ. ಕೊಬ್ಬು ಹೆಚ್ಚುವುದಕ್ಕೆ ದಾರಿಗಳು ಎರಡೇ: ಕೋಶಗಳ ಸಂಖ್ಯೆ ಏರುವುದು ಮತ್ತು ಇರುವ ಕೋಶಗಳು ಹಿಗ್ಗುವುದು. ದನದಲ್ಲಿ ಕೊಬ್ಬಿನಾಮ್ಲಗಳು ತಯಾರಾಗುವ ಮುಖ್ಯ ಜಾಗ ಪಿತ್ತಜನಕಾಂಗವಲ್ಲ, ಕೊಬ್ಬಿನ ಅಂಗಾಂಶವೇ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಮೇವು ಹುದುಗಿ ಬರುವ ಅಸಿಟೇಟ್ ಅದಕ್ಕೆ ಮುಖ್ಯ ಕಚ್ಚಾವಸ್ತು.

ವಿವಾದ ಇರುವುದು ಕಾಲಕ್ರಮದ ಬಗ್ಗೆ. ಕೇಂಬ್ರಿಜ್‌ನ ಜಾನ್ ಹ್ಯಾಮಂಡ್ 1932ರಲ್ಲಿ ಕುರಿಗಳ ಬೆಳವಣಿಗೆಯ ಕುರಿತು ಪ್ರಕಟಿಸಿದ ಗ್ರಂಥದ ನಂತರ, ಅಂಗಾಂಶಗಳಿಗೆ ಬೆಳೆಯುವುದರಲ್ಲೂ ಸರದಿ ಇದೆ ಎಂಬ ವಿಚಾರ ಪಶುವಿಜ್ಞಾನದಲ್ಲಿ ಬೇರೂರಿತು: ಮೊದಲು ನರ, ಆಮೇಲೆ ಎಲುಬು, ಆಮೇಲೆ ಸ್ನಾಯು, ಕಡೆಗೆ ಕೊಬ್ಬು. ಇದೇ ಸರದಿಯನ್ನು ಕೊಬ್ಬಿನ ನೆಲೆಗಳಿಗೂ ಹೊಂದಿಸಲಾಯಿತು. ಒಳಾಂಗಗಳ ಕೊಬ್ಬು ಮೊದಲನೆಯದು, ಸ್ನಾಯುವಿನೊಳಗಿನದು ಕೊನೆಯದು. ಆದ್ದರಿಂದ ಮಾರ್ಬ್ಲಿಂಗ್ ಬೇಕಿದ್ದರೆ ದನವನ್ನು ಹೆಚ್ಚು ಕಾಲ ಧಾನ್ಯದ ಮೇಲೆ ನಿಲ್ಲಿಸಬೇಕು ಎಂಬ ಸಲಹೆ ಪಠ್ಯಪುಸ್ತಕಗಳಿಗೂ ಕೊಟ್ಟಿಗೆಗಳಿಗೂ ಹೋಯಿತು. ಆಸ್ಟ್ರೇಲಿಯಾದ ಪೆಥಿಕ್, ಹಾರ್ಪರ್ ಮತ್ತು ಆಡಿ 2004ರ ಸಮೀಕ್ಷೆಯಲ್ಲಿ ಇದಕ್ಕೆ ಆಕ್ಷೇಪ ಎತ್ತಿದರು. ಕಾರ್ಕಸ್, ಅಂದರೆ ತಲೆ, ಚರ್ಮ, ಒಳಾಂಗಗಳನ್ನು ತೆಗೆದ ದೇಹ, ಸುಮಾರು 200 ಕಿಲೋದಿಂದ 400 ಕಿಲೋ ದಾಟುವವರೆಗೆ ಸ್ನಾಯುವಿನೊಳಗಿನ ಕೊಬ್ಬಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಓಟದಲ್ಲಿ ಏರುತ್ತದೆ. ಅದು ಉಳಿದ ನೆಲೆಗಳಿಗಿಂತ ಹಿಂದೆ ಬೀಳುವುದಿಲ್ಲ ಎಂಬುದು ಅವರ ವಾದ.

ಈ ಆಕ್ಷೇಪದ ತೂಕ ತಿಳಿಯಬೇಕಾದರೆ ‘ತಡ’ ಎಂಬ ಒಂದೇ ಪದದಲ್ಲಿ ಬೆರೆತುಹೋಗಿರುವ ಮೂರು ಅಳತೆಗಳನ್ನು ಬಿಡಿಸಿಕೊಳ್ಳಬೇಕು. ಒಂದು, ಸ್ನಾಯುವಿನಲ್ಲಿ ಕೊಬ್ಬು ಶೇಕಡ ಎಷ್ಟು ಎಂಬ ಸಾಂದ್ರತೆ. ಎರಡು, ದೇಹದ ಒಟ್ಟು ಕೊಬ್ಬಿನಲ್ಲಿ ಈ ನೆಲೆಯ ಪಾಲು. ಮೂರು, ಕೋಶಗಳು ಹುಟ್ಟುವ ವಯಸ್ಸು. ದರ್ಜೆ ಕೊಡುವವನ ಕಣ್ಣಿಗೆ ಬೀಳುವುದು ಮೊದಲನೆಯದು. ಜೀವಶಾಸ್ತ್ರದ ‘ತಡ’ ಎಂಬ ತೀರ್ಮಾನಕ್ಕೆ ಬೇಕಾದದ್ದು ಎರಡನೆಯದು ಅಥವಾ ಮೂರನೆಯದು.

ಸಾಂದ್ರತೆ ಒಂದು ಭಾಗಲಬ್ಧ; ಅದರ ಛೇದದಲ್ಲಿ ಸ್ನಾಯುವಿದೆ. ಒಂದು ಕಲ್ಪಿತ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಸ್ನಾಯುವಿನೊಳಗಿನ ಕೊಬ್ಬು, ಕತ್ತಿಯಿಂದ ಬೇರ್ಪಡಿಸಬಹುದಾದ ಕೊಬ್ಬಿನ ಹತ್ತನೆಯ ಒಂದು ಭಾಗವಾಗಿ ಕೊನೆಯವರೆಗೂ ಕದಲದೆ ನಿಂತಿದೆ ಎಂದುಕೊಳ್ಳೋಣ. 200 ಕಿಲೋದ ಕಾರ್ಕಸ್‌ನಲ್ಲಿ 130 ಕಿಲೋ ಸ್ನಾಯು, 30 ಕಿಲೋ ಕೊಬ್ಬು, ಉಳಿದದ್ದು ಎಲುಬು. ಸ್ನಾಯುವಿನೊಳಗೆ 3 ಕಿಲೋ ಕೊಬ್ಬು, ಅಂದರೆ ಶೇ. 2.3. ಕಾರ್ಕಸ್ 300 ಕಿಲೋ ಆದಾಗ ಸ್ನಾಯು 175, ಕೊಬ್ಬು 75, ಸಾಂದ್ರತೆ ಶೇ. 4.3. 400 ಕಿಲೋ ಆದಾಗ ಸ್ನಾಯು 205, ಕೊಬ್ಬು 140, ಸಾಂದ್ರತೆ ಶೇ. 6.8. ಒಟ್ಟು ಕೊಬ್ಬಿನ ಎದುರು ಈ ನೆಲೆಯ ಪಾಲು ಒಂದಿಷ್ಟೂ ಬದಲಾಗಿಲ್ಲ. ಆದರೂ ಸಾಂದ್ರತೆ ಮೂರುಪಟ್ಟಿನ ಹತ್ತಿರ ಬಂತು, ಅದರಲ್ಲೂ ಎರಡನೆಯ ನೂರು ಕಿಲೋದಲ್ಲಿ ಹೆಚ್ಚು ಏರಿತು. ಸ್ನಾಯುವಿನ ಬೆಳವಣಿಗೆ ನಿಧಾನಿಸಿ ಮೇವಿನ ಶಕ್ತಿ ಕೊಬ್ಬಿನ ಕಡೆ ತಿರುಗಿದ್ದೇ ಇದಕ್ಕೆ ಕಾರಣ. ಇಷ್ಟರಿಂದ ಪಾಲು ನಿಜಕ್ಕೂ ಸ್ಥಿರ ಎಂದು ಸಾಬೀತಾಗುವುದಿಲ್ಲ. ಸಾಂದ್ರತೆಯ ಏರಿಕೆಯೊಂದನ್ನೇ ತೋರಿಸಿ ಆ ನೆಲೆ ತಡವಾಗಿ ಬೆಳೆಯುತ್ತದೆ ಎನ್ನಲಾಗದು ಎಂಬುದಷ್ಟೇ ಸಿದ್ಧವಾಗುತ್ತದೆ.

ಹಳೆಯ ಅಭಿಪ್ರಾಯದ ಪರವಾಗಿ ಗಟ್ಟಿಯಾದ ಸಾಕ್ಷ್ಯ ಇರುವುದು ಮೂರನೆಯ ಅಳತೆಯಲ್ಲಿ. ಹುಡ್ ಮತ್ತು ಆಲೆನ್ 1973ರಲ್ಲಿ ಕೋಶಗಳನ್ನು ಎಣಿಸಿ ಅಳೆದು, ಹೊರಗಿನ ನೆಲೆಗಳಲ್ಲಿ ಹೊಸ ಕೋಶಗಳ ಹುಟ್ಟು ಸುಮಾರು 8 ತಿಂಗಳಿಗೆ ಮುಗಿದಿದ್ದರೂ ಸ್ನಾಯುವಿನೊಳಗೆ 14 ತಿಂಗಳಲ್ಲೂ ಮುಂದುವರಿದಿದೆ ಎಂದು ತೀರ್ಮಾನಿಸಿದರು. ಅಲ್ಲಿನ ಕೋಶಗಳು ಗಾತ್ರದಲ್ಲೂ ಚಿಕ್ಕವು. ಜಪಾನಿನಲ್ಲಿ ದನ ಕೊಬ್ಬಿಸುವವರ ರೂಢಿಯೂ ಇದಕ್ಕೆ ಹೊಂದುತ್ತದೆ. ಅಲ್ಲಿ ಕೊಬ್ಬಿಸುವ ನಡುಗಾಲದಲ್ಲಿ ವಿಟಮಿನ್ ಎ ಕಡಿಮೆ ಮಾಡುತ್ತಾರೆ, ಏಕೆಂದರೆ ಅದರಿಂದ ಬರುವ ರೆಟಿನೋಯಿಕ್ ಆಮ್ಲ ಪೂರ್ವಕೋಶ ಕೊಬ್ಬಿನ ಕೋಶವಾಗುವುದನ್ನು ತಡೆಯುತ್ತದೆ. ಕೊರತೆ ಅತಿಯಾದರೆ ದನಕ್ಕೆ ಇರುಳುಗುರುಡು ಬರುತ್ತದೆ. ಒಂದು ವರ್ಷ ದಾಟಿದ ಮೇಲೂ ಕೋಶಗಳು ರೂಪುಗೊಳ್ಳುತ್ತಿರದಿದ್ದರೆ ಈ ಉಪಾಯ ಫಲಿಸುವುದು ಕಷ್ಟ.

ಹಾಗಿದ್ದರೂ ಈ ಸಾಕ್ಷ್ಯ ಹೇಳುವುದು ಕೋಶಗಳ ಹುಟ್ಟು ಬಹುಕಾಲ ನಡೆಯುತ್ತದೆ ಎಂದು. ತಡವಾಗಿ ಆರಂಭವಾಗುತ್ತದೆ ಎಂದಲ್ಲ. ಚಿಕ್ಕ ಕೋಶವೆಲ್ಲ ಹೊಸ ಕೋಶವೂ ಅಲ್ಲ. ವ್ಯಾಸ ಅರ್ಧವಾದರೆ ಗಾತ್ರ ಎಂಟನೆಯ ಒಂದಂಶಕ್ಕೆ ಇಳಿಯುತ್ತದೆ. ಆದ್ದರಿಂದ ಕಚ್ಚಾವಸ್ತು ಬಹಳ ಕಡಿಮೆ ಸಿಕ್ಕ ಹಳೆಯ ಕೋಶವೂ ಎಳೆಯ ಕೋಶದಂತೆಯೇ ಕಾಣಬಹುದು. ಸ್ಮಿತ್ ಮತ್ತು ಕ್ರೌಸ್ 1984ರಲ್ಲಿ ಅಂಗಾಂಶದ ತುಣುಕುಗಳಲ್ಲಿ ಕಂಡುಕೊಂಡಂತೆ, ಕೊಬ್ಬಿನಾಮ್ಲ ತಯಾರಿಕೆಗೆ ಬಳಕೆಯಾಗುವ ಅಸಿಟೈಲ್ ಘಟಕಗಳಲ್ಲಿ ಚರ್ಮದಡಿಯ ಕೊಬ್ಬಿಗೆ ಶೇ. 70–80 ಅಸಿಟೇಟ್‌ನಿಂದ ಬಂದರೆ, ಸ್ನಾಯುವಿನೊಳಗಿನದಕ್ಕೆ ಶೇ. 50–75 ಗ್ಲೂಕೋಸ್‌ನಿಂದ ಬರುತ್ತದೆ. ದನದ ರಕ್ತದಲ್ಲಿ ಗ್ಲೂಕೋಸ್ ಯಥೇಚ್ಛವಾಗಿ ಸಿಗುವ ವಸ್ತುವಲ್ಲ. ಅದರ ಬಹುಪಾಲು, ಅಸಿಟೇಟ್‌ನಂತೆಯೇ ಮೇವು ಹುದುಗಿ ಬರುವ ಪ್ರೊಪಿಯೋನೇಟ್‌ನಿಂದ ಪಿತ್ತಜನಕಾಂಗದಲ್ಲಿ ತಯಾರಾಗಬೇಕು. ಧಾನ್ಯದ ಆಹಾರ ಪ್ರೊಪಿಯೋನೇಟ್ ಹೆಚ್ಚಿಸುತ್ತದೆ. ಹೀಗಿರುವಾಗ ಕೊನೆಯ ತಿಂಗಳುಗಳಲ್ಲಿ ಮಾರ್ಬ್ಲಿಂಗ್ ಏರಿದಾಗ ಅದರಲ್ಲಿ ವಯಸ್ಸಿನ ಪಾಲೆಷ್ಟು, ಆ ವಯಸ್ಸಿಗೆ ಬದಲಾದ ಮೇವಿನ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ.

ತಳಿಗಳ ಹೋಲಿಕೆಯೂ ಛೇದದ ಮಹತ್ವವನ್ನು ಎತ್ತಿ ತೋರಿಸುತ್ತದೆ. ಗೋಟೊ ಮತ್ತು ಸಹಲೇಖಕರು 2009ರಲ್ಲಿ 24 ತಿಂಗಳ ದನಗಳ ಬೆನ್ನಿನ ಉದ್ದ ಸ್ನಾಯುವನ್ನು ಹೋಲಿಸಿದಾಗ, ಜಪಾನಿನ ಕಪ್ಪು ತಳಿಯಲ್ಲಿ ಕೊಬ್ಬು ಶೇ. 23.3 ಇತ್ತು, ಬೆಲ್ಜಿಯನ್ ಬ್ಲೂ ತಳಿಯಲ್ಲಿ ಕೇವಲ ಶೇ. 0.6. ಬೆಲ್ಜಿಯನ್ ಬ್ಲೂ ದನದ ಮಯೋಸ್ಟಾಟಿನ್ ಜೀನಿನಲ್ಲಿ 11 ಅಕ್ಷರಗಳು ಬಿಟ್ಟುಹೋಗಿವೆ ಎಂದು 1997ರಲ್ಲೇ ಗೊತ್ತಾಗಿತ್ತು. ಸ್ನಾಯುವಿನ ಬೆಳವಣಿಗೆಗೆ ಈ ಜೀನು ಹಾಕುವ ಕಡಿವಾಣವೇ ಅಲ್ಲಿ ಇಲ್ಲ. ಒಂದೇ ವಯಸ್ಸಿನಲ್ಲಿ ಇಷ್ಟು ಅಂತರವಿದ್ದ ಮೇಲೆ ವಯಸ್ಸಿನ ಸರದಿಯಿಂದಷ್ಟೇ ಮಾರ್ಬ್ಲಿಂಗನ್ನು ವಿವರಿಸಲಾಗದು. ಆದರೆ ಇಷ್ಟು ದೊಡ್ಡ ಅಂತರವನ್ನು ಛೇದವೊಂದೇ ತುಂಬಲಾರದು ಎಂಬುದೂ ಅಷ್ಟೇ ನಿಜ: ಕಪ್ಪು ತಳಿಯಲ್ಲಿ ಅಂಶವೇ, ಅಂದರೆ ಕೊಬ್ಬಿನ ಮೊತ್ತವೇ ದೊಡ್ಡದು.

ಆದ್ದರಿಂದ ಇಲ್ಲಿ ಮುಂದಿಡಬಹುದಾದ ನಿಲುವು ಇದು: ಸ್ನಾಯುವಿನೊಳಗಿನ ಕೊಬ್ಬು ದೀರ್ಘಕಾಲ ಬೆಳೆಯುವ ನೆಲೆ, ತಡವಾಗಿ ಬೆಳೆಯುವ ನೆಲೆಯಲ್ಲ, ತಡವಾಗಿ ಬರುವುದು ಅದು ಕಣ್ಣಿಗೆ ಬೀಳುವ ಸಂದರ್ಭ. ಈ ನಿಲುವು 200 ಕಿಲೋ ದಾಟಿದ ಕಾರ್ಕಸ್‌ಗಳಿಗೆ, ಬಹುಮಟ್ಟಿಗೆ ಸಮಶೀತೋಷ್ಣ ವಲಯದ ತಳಿಗಳಿಗೆ ಮತ್ತು ಹೆಚ್ಚಾಗಿ ಒಂದೇ ಸ್ನಾಯುವಿನ ಅಳತೆಗಳಿಗೆ ಸೀಮಿತ. ಅದಕ್ಕಿಂತ ಕಡಿಮೆ ತೂಕದ ಎಳೆಯ ದನಗಳಲ್ಲಿ ಸ್ನಾಯು ಬೆಳೆಯುವ ವೇಗ ಕೊಬ್ಬಿನ ವೇಗವನ್ನು ಮುಚ್ಚಿಹಾಕುವುದರಿಂದ, ಅಲ್ಲಿಗೆ ಇದೇ ಮಾತನ್ನು ನೇರವಾಗಿ ಒಯ್ಯಲಾಗದು. ಒಂಗೋಲ್, ಗೀರ್, ಕೃಷ್ಣಾ ಕಣಿವೆಯಂಥ ಭಾರತೀಯ ತಳಿಗಳ ರಕ್ತದಿಂದ ಅಮೆರಿಕದಲ್ಲಿ ರೂಪುಗೊಂಡ ಬ್ರಾಹ್ಮನ್ ತಳಿಯಲ್ಲಿ ಮಾರ್ಬ್ಲಿಂಗ್ ಕಡಿಮೆ. ಆ ಗುಂಪಿಗೂ ಪಾಲಿನ ಲೆಕ್ಕವನ್ನು ಬೇರೆಯಾಗಿಯೇ ಮಾಡಬೇಕು.

ನಿಲುವು ಸರಿಯಾದರೆ ಗಮನ ಕೊನೆಯ ತಿಂಗಳುಗಳಿಂದ ಹಿಂದಕ್ಕೆ, ಗರ್ಭಾವಸ್ಥೆಯ ಪೋಷಣೆ ಮತ್ತು ಹಾಲು ಬಿಡಿಸುವ ಹೊತ್ತಿನ ಆಹಾರದತ್ತ ಸರಿಯಬೇಕಾಗುತ್ತದೆ. ಆದರೆ ಆಗ ಹುಟ್ಟಿದ ಕೋಶಗಳಲ್ಲಿ ಎಷ್ಟು ಕಡೆಗೆ ಕೊಬ್ಬು ತುಂಬಿಕೊಳ್ಳುತ್ತವೆ ಎಂಬುದು ಇತ್ಯರ್ಥವಾಗಬೇಕಾದ ಪ್ರಶ್ನೆ. ಅದಕ್ಕೆ ಒಂದೇ ಹಿಂಡಿನ ದನಗಳಲ್ಲಿ ಹಂತಹಂತವಾಗಿ ಕೋಶಗಳ ಎಣಿಕೆ, ಒಟ್ಟು ಕೊಬ್ಬಿನ ತೂಕ ಮತ್ತು ಸ್ನಾಯುವಿನ ತೂಕ ಮೂರನ್ನೂ ಒಟ್ಟಿಗೆ ಅಳೆಯಬೇಕು.